ಹುಲಿಗೆಮ್ಮನ ತುಕ್ಕುತಡೆ

ಎಳ್ಳುಕಾಳಿನಷ್ಟು ಚರ್ಮವನ್ನು ನುಂಗಿ ಯಂತ್ರ ಮೆಲ್ಲಗೆ ಗುನುಗತೊಡಗಿತು. ಹುಲಿಗೆಮ್ಮ ಮುಂಗೈಯ ಗಾಯಕ್ಕೆ ಹತ್ತಿ ಒತ್ತಿಕೊಂಡು ಅದನ್ನೇ ನೋಡುತ್ತ ಕೂತಳು.

"ಒಳಗೇನ್ ನಡದೈತ್ರೀ, ಡಾಕ್ಟ್ರಮ್ಮ?"

ಯಂತ್ರವನ್ನು ರೂಪಿಸಿದ ವಿಜ್ಞಾನಿ ಮೃಣಾಲಿನಿ ನಕ್ಕಳು. "ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಮೈಯೊಳಗೂ ಹಾಗೇ. ಅದನ್ನು ತಡೆಯುವ ವಸ್ತುಗಳಿಗೆ ತುಕ್ಕುತಡೆ ಅಂತೀವಿ. ಚರ್ಮ ಅರೆದು, ರಸ ತೆಗೆದು, ಸಪೂರ ಕೊಳವೆಯಲ್ಲಿ ಹರಿಸಿದರೆ ಒಂದೊಂದು ವಸ್ತು ಒಂದೊಂದು ವೇಗದಲ್ಲಿ ಸಾಗಿ ಬೇರೆಬೇರೆಯಾಗಿ ಹೊರಬರುತ್ತೆ. ಆಗ ಅಳೆಯಬಹುದು."

"ಸಂತೀಗೆ ಹೊಂಟ ನಮ್ಮಂಗ. ಕೂಡೇ ಹೊರಡ್ತೀವಿ, ಮುಟ್ಟೋದು ಒಬ್ಬೊಬ್ರ!"

ನಗು ಕೆಮ್ಮಾಯಿತು. ಬಳ್ಳಾರಿಯ ಜೀನ್ಸ್ ತೊಳೆಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬ್ಲೀಚಿನ ಆವಿ ಕುಡಿದ ಎದೆ ಅದು. ತುಕ್ಕುತಡೆಯ ಮೊತ್ತ ನಲವತ್ತಕ್ಕಿಂತ ಕಡಿಮೆ ಬಂದರೆ ಮಾಲೀಕರು ಅಂಥವರನ್ನು ಹೊಲಿಗೆ ವಿಭಾಗಕ್ಕೆ ಕಳಿಸಲೇಬೇಕೆಂದು ಹೊಸ ಕಾಯ್ದೆ ಹೇಳುತ್ತಿತ್ತು. ಅವಳು ಬಂದದ್ದು ಅದಕ್ಕಾಗಿ.

ಪರದೆಯ ಮೇಲೆ ಎಂಬತ್ತೆಂಟು ಮೂಡಿತು.

ಮೃಣಾಲಿನಿ ನಕ್ಷೆಯನ್ನು ದಿಟ್ಟಿಸಿದಳು. ಕುಸಿದ ಸಣ್ಣ ದಿಬ್ಬಗಳ ನಡುವೆ ಒಂದೇ ಒಂದು ಎತ್ತರದ ಶಿಖರ.

"ಕೈಗೆ ಏನಾದರೂ ಹಚ್ಚಿದ್ರಾ?"

"ಒಳ್ಳೇ ಕೆಲಸಕ್ ಹೊಂಟೀಯಂತ ನಮ್ಮತ್ತಿ ಮೂರು ದಿನ ಅರಿಶಿನ ತಿಕ್ಕಿ ನೀರು ಹಾಕ್ಯಾಳ್ರೀ, ಮದುಮಗಳಿಗೆ ಹಾಕಿದಂಗ. ಯಾಕ್ರೀ?"

ಅರಿಶಿನದ ಸಾರವೂ ತುಕ್ಕುತಡೆಯೇ. ಅದು ಚರ್ಮಕ್ಕಿಳಿದು ಮೊತ್ತ ಏರಿಸಿದೆ ಎಂದು ಮೃಣಾಲಿನಿ ತಿಳಿಸಿದಳು.

"ಅದನ್ನ ಕಳದು ಹೇಳ್ರೀ ಮತ್ತ."

"ಕಳೆದರೆ ಇಪ್ಪತ್ತಾರು, ಹುಲಿಗೆಮ್ಮ. ಆದರೆ ಕಾಯ್ದೆ ಕೇಳೋದು ಬರೀ ಮೊತ್ತ. ಫಲಿತಾಂಶ ಆಗಲೇ ನಿಮ್ಮ ಕಾರ್ಖಾನೆಗೆ ಹೋಗಿದೆ. ಮರುಪರೀಕ್ಷೆ ಒಂದು ವರ್ಷದ ಮೇಲೆ."

"ವರ್ಷ ನಾ ಇರ್ತೀನೇನ್ರೀ?" ಹುಲಿಗೆಮ್ಮ ಹತ್ತಿಯನ್ನು ಬುಟ್ಟಿಗೆ ಹಾಕಿ, ಸೆರಗು ಸರಿಮಾಡಿಕೊಂಡು ಎದ್ದಳು.

ಮೃಣಾಲಿನಿ ಅಂದೇ ದೀರ್ಘ ಪತ್ರ ಬರೆದಳು. ಅರಿಶಿನ ಹೇಗೆ ಮೊತ್ತವನ್ನು ಏರಿಸುತ್ತದೆ, ಎಷ್ಟು ದಿನ ಹಚ್ಚಿದರೆ ಎಷ್ಟು ಏರುತ್ತದೆ, ಎಲ್ಲವನ್ನೂ ಪಟ್ಟಿ ಸಮೇತ ವಿವರಿಸಿ, ಹುಲಿಗೆಮ್ಮನನ್ನು ಬ್ಲೀಚಿನಿಂದ ಬಿಡಿಸಿ ಎಂದು ಕೋರಿ ಕಾರ್ಖಾನೆಯ ಮಾಲೀಕರಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಹುಲಿಗೆಮ್ಮ ಬ್ಲೀಚಿನ ತೊಟ್ಟಿಯ ಬಳಿಗೇ ಮರಳಿದಳು, ಎರಡೇ ವಾರದಲ್ಲಿ ಹಾಸಿಗೆ ಹಿಡಿದಳು.

ಮರು ತಿಂಗಳು ಅದೇ ಕಾರ್ಖಾನೆಯಿಂದ ಮೂವತ್ತೆರಡು ಹೆಂಗಸರು ಪರೀಕ್ಷೆಗೆ ಬಂದರು. ಎಲ್ಲರದೂ ಹೊಸ ಸೀರೆ. ಪ್ರಯೋಗಾಲಯದ ತುಂಬ ಮದುವೆ ಮನೆಯ ವಾಸನೆ.

"ಧಣ್ಯಾರ್ದು ಭಾಳ ದೊಡ್ಡ ಮನಸ್ರೀ, ಡಾಕ್ಟ್ರಮ್ಮ," ಎಂದು ಮುಂದಿನವಳು ಹಳದಿ ಮುಂಗೈಯನ್ನು ಸಂಭ್ರಮದಿಂದ ಚಾಚಿದಳು. "ಬಾಗಿನ ಕೊಟ್ಟು, ಐದು ದಿನ ಅರಿಶಿನ ಹಚ್ಕೊಂಡು ಹೋಗ್ರವ್ವ, ಒಳ್ಳೇದಾಗ್ತೈತಿ ಅಂತ ತಾವೇ ಹೇಳಿ ಕಳಿಸ್ಯಾರ."