ಬಿಚ್ಚಿಟ್ಟ ಬ್ರೇಕು

ನನ್ನ ಭಾವನಿಗೆ ಬಾರದ ವಿದ್ಯೆಯಿಲ್ಲ, ಸ್ಪ್ಯಾನರ್ ಹಿಡಿಯುವುದೊಂದನ್ನು ಬಿಟ್ಟು. ಯಾರದೋ ಹಳೇ ಬೈಕು ತಂದು ನನ್ನ ಶೆಡ್ಡಿನಲ್ಲಿ ನಿಲ್ಲಿಸಿ, "ರಿಪೇರಿ ಮಾಡೋ, ನಿನ್ ಕೈಲಾದ್ರೆ" ಎಂದಿದ್ದ.

ಎಂಜಿನ್ ಇಳಿಸಿ ಬೆಂಚಿನ ಮೇಲಿಟ್ಟೆ. ಆದರೂ ದಿನಾ ಬೆಳಿಗ್ಗೆ ಹಿಂಚಕ್ರದ ಬ್ರೇಕ್ ಡ್ರಮ್ಮು ಊರು ಸುತ್ತಿ ಬಂದಂತೆ ಬಿಸಿಯಾಗಿರುತ್ತಿತ್ತು.

"ಬಿಸಿಲಿಗೆ ಕಣೋ, ಪೆದ್ದ" ಎಂದ ಭಾವ.

ಶೆಡ್ಡಿಗೆ ಕಿಟಕಿಯೇ ಇಲ್ಲ.

ಕೊನೆಗೆ ಎರಡೂ ಚಕ್ರದ ಡ್ರಮ್ಮಿನೊಳಗೆ ಒತ್ತಿ ಬೈಕು ನಿಲ್ಲಿಸುವ ಬ್ರೇಕ್ ಶೂ ತೆಗೆದು, ಬರೀ ಚಕ್ರ ಜೋಡಿಸಿದೆ. ಶೂಗಳನ್ನು ಒರೆಸುತ್ತಿದ್ದಾಗ ಭಾವ ನನ್ನನ್ನು ಕೇಳದೆ ಬೈಕು ಹತ್ತಿ ಶೆಡ್ಡಿನ ಮುಂದಿನ ಇಳಿಜಾರಿಗೆ ಬಿಟ್ಟೇಬಿಟ್ಟ. ಕೆಳಗಿನ ರಸ್ತೆಯಲ್ಲಿ ಲಾರಿ ಬರುತ್ತಿತ್ತು.

"ಭಾವ, ಬ್ರೇಕಿಲ್ಲ, ಹಾರ್ಕೊಳ್ಳಿ" ಎಂದು ಕೂಗಿದೆ. ಅಕ್ಕನ ಮುಖ ಕಣ್ಣಮುಂದೆ ಬಂತು.

ಬೈಕು ಕಿರ್ರೆಂದು ರಸ್ತೆಯಂಚಿನಲ್ಲೇ ನಿಂತಿತು.

"ಬ್ರೇಕಿಲ್ವಂತೆ. ಎಂಥ ಮೆಕ್ಯಾನಿಕ್ಕೋ ನೀನು" ಎಂದು ಭಾವ ನಕ್ಕ.

ಕೈಯಲ್ಲಿದ್ದ ಬ್ರೇಕ್ ಶೂಗಳು ಅಂಗೈ ಸುಡುತ್ತಿದ್ದವು.