ಕಾಯಂ ವಾಸ

ಪೆಲ್ಕಿ ಮೇಡಂ ಕೇಳಿದ ಪ್ರಶ್ನೆಗೆ ಗಂಡ ಹೆಂಡತಿ ಇಬ್ಬರೂ ಮೇಜಿನ ಮೇಲಿದ್ದ ಫಾರಂ ನೋಡಿದರು.

ಅಮೆರಿಕದ ವರ್ಮಾಂಟ್ ರಾಜ್ಯದ ಆ ಪುಟ್ಟ ಊರಿನ ಲೈಬ್ರರಿಯಲ್ಲಿ ಪ್ರತಿ ಮಾರ್ಚ್‌ನಲ್ಲೂ ಊರವರ ತೆರಿಗೆ ಫಾರಂಗಳನ್ನು ಪುಕ್ಕಟೆಯಾಗಿ ತುಂಬಿಕೊಡುವವರು ಅವರೇ. ಎದುರಿಗೆ ಲೋರ್ನಾ, ಪಕ್ಕದಲ್ಲಿ ಎಮ್ಮೆಟ್. ಹದಿನಾಲ್ಕು ತಿಂಗಳಿಂದ ಅವನು ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸಹಿ ಹಾಕಲೆಂದು ಎಂಟು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ.

"ಕೇಂದ್ರದ ತೆರಿಗೆ ಇಬ್ಬರದ್ದೂ ಜೋಡಿಯಾಗೇ ಹಾಕಿದೀನಿ. ರಾಜ್ಯದ್ದೇ ತಕರಾರು. ಹೇಳಪ್ಪಾ ಎಮ್ಮೆಟ್, ವಾಪಸ್ ಬರೋ ಮನಸ್ಸಿಟ್ಟುಕೊಂಡು ಹೋದೆಯೋ, ಅಲ್ಲೇ ಕಾಯಂ ಅಂತ ಹೋದೆಯೋ? ಕಾಯಂ ಅಂದ್ರೆ ಇಬ್ಬರಿಗೂ ಬೇರೆ ಬೇರೆ ರಾಜ್ಯದ ಫಾರಂ."

ಭಾನುವಾರದ ಫೋನಿನಲ್ಲಿ ಹವಾಮಾನ ಮಾತ್ರ ವಿಚಾರಿಸುತ್ತಿದ್ದ ಲೋರ್ನಾ, ಇಷ್ಟು ದಿನ ಕೇಳಲು ಹೆದರಿದ್ದುದು ಇದನ್ನೇ.

"ಡ್ರೈವಿಂಗ್ ಲೈಸೆನ್ಸ್ ಎಲ್ಲಿಯದು?" ಪೆಲ್ಕಿ ಮೇಡಂ ಎಮ್ಮೆಟ್‌ನನ್ನು ಕೇಳಿದರು.

"ಅಲ್ಲಿಯದೇ. ಹೋದ ಕೂಡಲೇ ಬದಲಾಯಿಸಿದೆ."

"ನಂಗೆ ಹೇಳಲೇ ಇಲ್ಲ," ಎಂದಳು ಲೋರ್ನಾ.

"ನೀನೇ ಕಳಿಸಿಕೊಟ್ಟೆಯಲ್ಲ."

"ನಾನಾ?"

"ಡಿಕ್ಕೀಲಿ ಏನೇನು ತುಂಬಿದ್ದೆ, ನೆನಪಿದೆಯಾ? ಉಣ್ಣೆ ಸಾಕ್ಸ್ ಸರಿ. ನನ್ನ ಕಾಫಿ ಮಗ್ಗು, ಮೀನಿನ ಗಾಳ, ಅಪ್ಪನ ಫೋಟೊ... ಮನೇಲಿ ನಂದು ಅಂತ ಒಂದು ಚಮಚಾನೂ ಉಳಿಸಿರಲಿಲ್ಲ. ವಾಪಸ್ ಬರೋ ಗಂಡನಿಗೆ ಯಾರಾದ್ರೂ ಅಪ್ಪನ ಫೋಟೊ ಕಟ್ಟಿಕೊಡ್ತಾರಾ?"

ಲೋರ್ನಾ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಕಾಣದ ಊರಲ್ಲಿ, ಬಾಡಿಗೆ ರೂಮಲ್ಲಿ ಕಣ್ಣು ಬಿಟ್ಟಾಗ ನಿಂದೇ ಏನಾದ್ರೂ ಕಾಣ್ಲಿ ಅಂತ ಇಟ್ಟೆ. ಫೋಟೊ ಇದ್ದ ಮೊಳೆಗೆ ಇವತ್ತಿಗೂ ಏನೂ ಹಾಕಿಲ್ಲ."

ಎಮ್ಮೆಟ್ ಆಗ ಮೊದಲ ಸಲ ಅವಳತ್ತ ತಿರುಗಿದ. ಅವನ ಕಿವಿ ಕೆಂಪಾಗಿತ್ತು. ಮದುವೆಯ ದಿನವೂ ಹೀಗೇ ಆಗಿತ್ತು.

"ಒಂದು ಚೀಟಿ ಬರೆದಿಡಬಾರದಿತ್ತಾ, ಮಾರಾಯ್ತಿ?"

"ಮೂರು ಬರೆದೆ. ಮೂರನ್ನೂ ಹರಿದೆ. ಓದಿದ್ರೆ ನೀನು ಕೆಲಸಕ್ಕೆ ಹೋಗೋದೇ ನಿಲ್ಲಿಸ್ತೀಯೇನೋ ಅಂತ."

ಪೆಲ್ಕಿ ಮೇಡಂ ಕೆಮ್ಮಿದರು. "ನಾನೀಗ ಏನು ಬರೀಲಿ?"

ಎಮ್ಮೆಟ್ ತಲೆ ತಗ್ಗಿಸಿದ. "ಸುಳ್ಳು ಬರೀಬೇಡಿ. ಆವಾಗ ವಾಪಸ್ ಬರ್ತೀನಿ ಅಂದುಕೊಂಡಿರಲಿಲ್ಲ."

ಮಾತು ಎದೆಗೆ ನಾಟಿತು. ಆದರೂ ಲೋರ್ನಾ ಫಾರಂ ಅನ್ನು ಮೇಡಂ ಕಡೆ ಸರಿಸಿದಳು. "ಬೇರೆ ಬೇರೆ ಅಂತಲೇ ಬರೀರಿ, ಮೇಡಂ. ಇದು ಹೋದ ವರ್ಷದ್ದು ತಾನೇ?"

"ಡಿಸೆಂಬರ್ ಮೂವತ್ತೊಂದರ ತನಕದ್ದು. ಈ ವರ್ಷದ್ದು ಬರೋ ಮಾರ್ಚ್‌ಗೆ ಕೇಳ್ತೀನಿ."

ಸಹಿ ಹಾಕಿ ಹೊರಗೆ ಬಂದರು. ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿತ್ತು. ಹತ್ತು ಸಲ ತೂಗಿ ಮಾತಾಡುವ ಲೋರ್ನಾ ಈ ಸಲ ತೂಗಲಿಲ್ಲ.

"ವಾಪಸ್ ಬಾ, ಎಮ್ಮೆಟ್. ಆಗಲ್ಲ ಅಂದ್ರೆ ನಾನೇ ಬರ್ತೀನಿ. ಯಾವ ರಾಜ್ಯ ಅನ್ನೋದು ನಂಗೆ ಮುಖ್ಯ ಅಲ್ಲ."

ಅವನು ಬೂಟಿನ ಕೆಸರನ್ನು ಮೆಟ್ಟಿಲಿನ ಅಂಚಿಗೆ ಒರೆಸಿದ. "ಕೆಲಸ ಬಿಡೋಕೆ ಕಾರ್ಖಾನೆಯವರಿಗೆ ಮೊದಲೇ ತಿಳಿಸ್ಬೇಕು. ಸೋಮವಾರ ತಿಳಿಸ್ತೀನಿ."

"ಇವತ್ತಿನ್ನೂ ಗುರುವಾರ," ಎಂದಳು ಲೋರ್ನಾ.

ಎಮ್ಮೆಟ್ ತನ್ನ ಕಾರನ್ನು ಅಲ್ಲೇ ಬಿಟ್ಟು, ಅವಳ ಕಾರಿನ ಬಾಗಿಲು ತೆಗೆದು ಕೂತ.