ಹೊಲಿಗೆ ಕೋಣೆಯ ಇಂಗ್ಲಿಷ್

ಇನ್ನೂ ಮೂವತ್ತು ದಾಟದಿದ್ದರೂ ಅವಳು ಇಡೀ ಹೋಟೆಲಿಗೆ ಟೈಲರಮ್ಮ. ಕತ್ತರಿ ಹಿಡಿದರೆ ಅವಳಿಗೆ ಸರಿಸಾಟಿ ಇರಲಿಲ್ಲ, ಜಂಬವೂ ಅಷ್ಟೇ ಇತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವರಿಗೆ ಅದು ಚೆಂದವೇ. ಆದರೆ ಗೆಸ್ಟ್ ಯಾರಾದರೂ ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಸಾಕು, ಆ ಜಂಬ ಟುಸ್ಸೆನ್ನುತ್ತಿತ್ತು. ಆಗ ರಿಸೆಪ್ಷನ್ನಿನವನು ಓಡಿಬಂದು, ತಲೆ ತುಸು ವಾಲಿಸಿ, ಅವಳ ಪರವಾಗಿ ಮಾತಾಡುತ್ತಿದ್ದ. ಒಳ್ಳೆಯವನು, ಅದಕ್ಕೇ ಅವಳಿಗೆ ಇನ್ನಷ್ಟು ಉರಿ.

ಅಷ್ಟರಲ್ಲಿ ಲಾಬಿಯಲ್ಲಿದ್ದ ಅಂಗಡಿ ಮಳಿಗೆ ತೆರವಾಯಿತು. ಗೆಸ್ಟ್‌ಗಳನ್ನು ತಾನೇ ಮಾತಾಡಿಸಿದರೆ ಅಲ್ಲಿ ಹೊಲಿಗೆ ಅಂಗಡಿ ಅವಳದು, ಇಲ್ಲವಾದರೆ ಹೊರಗಿನವರಿಗೆ ಎಂದುಬಿಟ್ಟ ಮ್ಯಾನೇಜರ್. ಸೋಮವಾರ ಪರೀಕ್ಷೆ.

"ನನ್ನ ಪರವಾಗಿ ಮಾತಾಡಿದ್ದು ಸಾಕು," ಎಂದಳು ರಿಸೆಪ್ಷನ್ನಿನವನಿಗೆ. "ನಂಗೇ ಕಲಿಸಿ."

ದಿನಾ ಟೀ ಹೊತ್ತಿಗೆ ಅವನು ಹೊಲಿಗೆ ಕೋಣೆಯಲ್ಲಿ ಗೆಸ್ಟ್‌ನಂತೆ ಕೋಟು ತೊಟ್ಟು ನಿಲ್ಲುತ್ತಿದ್ದ. 'ಪ್ಲೀಸ್ ಲಿಫ್ಟ್ ಯುವರ್ ಆರ್ಮ್ಸ್', 'ಈಸ್ ಇಟ್ ಟೂ ಟೈಟ್?' ಎನ್ನುತ್ತಾ ಅವಳು ಎದೆಗೆ ಟೇಪು ಸುತ್ತಿದರೆ, ಮಹಾಶಯ ಉಸಿರೇ ಬಿಡುತ್ತಿರಲಿಲ್ಲ.

"ಉಸಿರಾಡಿ ಸ್ವಾಮಿ, ಅಳತೆ ತಪ್ಪುತ್ತೆ."

ಅವನ ಕಿವಿ ಕೆಂಪಾಯಿತು. ಅವಳು ನೋಡಿಯೂ ನೋಡದವಳಂತೆ ಅಳತೆ ಬರೆದುಕೊಂಡಳು, ಅದೂ ತಪ್ಪಾಗಿ.

ಸೋಮವಾರ ಬಂದ ಗೆಸ್ಟ್ ಎತ್ತರದ ಅವಸರದ ಮುದುಕ. ಕೋಟು ಹಿಡಿದು ಪಟಪಟನೆ ಸುರಿದ ಮಾತಿನಲ್ಲಿ ಅವಳಿಗೆ ಸಿಕ್ಕಿದ್ದು 'ಸ್ಲೀವ್' ಮತ್ತು 'ಟುಡೇ' ಮಾತ್ರ. ಪಕ್ಕದಲ್ಲಿದ್ದ ಮ್ಯಾನೇಜರ್ ಹುಬ್ಬೇರಿಸಿದ. ರಿಸೆಪ್ಷನ್ನಿನವನಿಗೆ ತಡೆಯಲಾಗಲಿಲ್ಲ, ಅಭ್ಯಾಸಬಲದಿಂದ ಬಾಯಿ ಹಾಕಿಯೇಬಿಟ್ಟ. ಅವಳು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

"ಸಾರಿ ಸರ್. ಪ್ಲೀಸ್ ಸ್ಪೀಕ್ ಸ್ಲೋಲಿ."

ಮುದುಕ ನಿಧಾನವಾಗಿ ಹೇಳಿದ. ತೋಳು ಒಂದಿಂಚು ಗಿಡ್ಡವಾಗಬೇಕು, ಇವತ್ತೇ ಬೇಕು. ಅಷ್ಟೇ ತಾನೆ! ಅಳತೆ ತೆಗೆದು, ತಲೆ ತುಸು ವಾಲಿಸಿ, "ರೆಡಿ ಬೈ ಫೋರ್, ಸರ್. ಡೋಂಟ್ ವರಿ," ಎಂದಳು. ಮುದುಕ ಥ್ಯಾಂಕ್ಸ್ ಹೇಳಿ ನಡೆದ.

ಅಂಗಡಿ ನಿನ್ನದೇ ಎಂದ ಮ್ಯಾನೇಜರ್, ತಲೆ ವಾಲಿಸುವುದನ್ನೂ ಇವನಿಂದಲೇ ಕಲಿತೆಯಾ ಎಂದು ನಕ್ಕು ಹೋದ. ಅವಳ ಮುಖ ರಂಗೇರಿತು, ಆದರೆ ತಲೆ ತಗ್ಗಲಿಲ್ಲ.

ಇಬ್ಬರೇ ಉಳಿದರು. ಹೆಮ್ಮೆ ಅವನ ಮುಖದಲ್ಲೂ ಇತ್ತು, ಜೊತೆಗೆ ಎಂಥದೋ ಸಪ್ಪೆತನ.

"ಇನ್ಮೇಲೆ ನಿಮ್ಮ ಹತ್ರ ಬರೋಕೆ ನಂಗೆ ನೆಪಾನೇ ಇಲ್ಲ," ಎಂದ.

"ನೆಪ ಯಾಕೆ? ಸುಮ್ನೆ ಬನ್ನಿ." ಅವಳ ದನಿ ಗಟ್ಟಿಯಾಗಿತ್ತು. "ನಂಗೆ ನೀವಂದ್ರೆ ಇಷ್ಟ. ಇದನ್ನೂ ನನ್ನ ಪರವಾಗಿ ಇನ್ಯಾರೋ ಹೇಳೋದು ಬೇಡ ಅಂತ ನಾನೇ ಹೇಳ್ತಿದೀನಿ."

ದಿನವಿಡೀ ಮಾತಾಡಿಯೇ ಸಂಬಳ ತೆಗೆದುಕೊಳ್ಳುವವನು ಬರೀ ತಲೆ ವಾಲಿಸಿದ, ಕಿವಿ ಮತ್ತೆ ಕೆಂಪಾಯಿತು. ಕೊನೆಗೆ ಅವಳೇ ನಕ್ಕು ಅವನ ಕೈ ಹಿಡಿದಳು.